ಡಿಸ್ಕ್ ಪೆಟ್ಟಿಗೆಗಳಲ್ಲಿ ಜಗತ್ತಿನ ಸಿನಿಮಾ: ಎಲ್ಲಿಂದ ಶುರು ಮಾಡೋದು, ಯಾವ ಪ್ರತಿ ನೋಡೋದು?

ಹೊಸನೋಟ:
ಎಲ್ಲರಿಗೂ ನಮಸ್ಕಾರ. ಮೊನ್ನೆ ಅಬ್ಬಾಸ್ ಕಿಯರೋಸ್ತಮಿಯ ‘ಕ್ಲೋಸ್-ಅಪ್’ ನೋಡಿದೆ. ಇರಾನಿನ ಒಬ್ಬ ಬಡವ, ತಾನೇ ಹೆಸರಾಂತ ನಿರ್ದೇಶಕ ಮಖ್ಮಲ್‌ಬಾಫ್ ಅಂತ ಹೇಳಿಕೊಂಡು ಒಂದು ಕುಟುಂಬವನ್ನು ನಂಬಿಸುತ್ತಾನೆ. ಆಮೇಲೆ ಸಿಕ್ಕಿಬೀಳುತ್ತಾನೆ. ನಿಜವಾಗಿ ನಡೆದ ಘಟನೆ, ಪಾತ್ರ ಮಾಡಿದವರೂ ಅದೇ ಜನ. ನೋಡಿ ಮುಗಿಸಿದರೂ ತಲೆಯಿಂದ ಹೋಗುತ್ತಲೇ ಇಲ್ಲ. ಇಂಥ ಸಿನಿಮಾಗಳನ್ನು ಇನ್ನೂ ನೋಡಬೇಕು ಅನ್ನಿಸಿದೆ.

ಹುಡುಕಿದರೆ ಎಲ್ಲ ಕಡೆ ಪಟ್ಟಿಗಳೇ ಸಿಗುತ್ತವೆ. ನೂರು ಶ್ರೇಷ್ಠ ಚಿತ್ರ, ನೋಡಲೇಬೇಕಾದ ಐನೂರು ಚಿತ್ರ. ಯಾವ ತುದಿ ಹಿಡಿಯಬೇಕು ಅಂತ ಗೊತ್ತಾಗುವುದಿಲ್ಲ. ಇಲ್ಲಿ ಬ್ಲೂ-ರೇ, ಡಿವಿಡಿ ಕೂಡಿಟ್ಟವರು ಬಹಳ ಜನ ಇದ್ದೀರಿ. ಡಿಸ್ಕ್ ಮೂಲಕ ನೋಡುವುದರಲ್ಲಿ ಏನಾದರೂ ವಿಶೇಷ ಇದೆಯಾ? ಎಲ್ಲಿಂದ ಶುರು ಮಾಡಲಿ?

ಮೂರನೇಸಾಲು:
ಪಟ್ಟಿ ಪಕ್ಕಕ್ಕಿಡಿ. ‘ಕ್ಲೋಸ್-ಅಪ್’ ನಿಮ್ಮನ್ನು ಹಿಡಿದಿದೆ ಅಂದಮೇಲೆ ದಾರಿ ಆಗಲೇ ಸಿಕ್ಕಿದೆ. ಅದೇ ಮನುಷ್ಯನ ಹಿಂದೆ ಹೋಗಿ. ಶ್ರೇಷ್ಠ ಚಿತ್ರಗಳ ಪಟ್ಟಿ ಹಿಡಿದರೆ ಇವತ್ತು ಸ್ವೀಡನ್, ನಾಳೆ ಜಪಾನ್, ನಾಡಿದ್ದು ಇಟಲಿ. ಒಂದಕ್ಕೊಂದು ಸಂಬಂಧ ಇರುವುದಿಲ್ಲ. ಒಬ್ಬ ನಿರ್ದೇಶಕರ ಮೂರು ನಾಲ್ಕು ಚಿತ್ರ ಸಾಲಾಗಿ ನೋಡಿದರೆ ಅವರು ಏನನ್ನು ಹುಡುಕುತ್ತಿದ್ದಾರೆ ಅನ್ನುವುದು ತಾನಾಗಿ ಕಾಣಿಸುತ್ತದೆ. ಹಲವು ಚಿತ್ರಗಳ ಡಿಸ್ಕ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೊಡುವ ಬಾಕ್ಸ್ ಸೆಟ್ಟಿನ ದೊಡ್ಡ ಉಪಕಾರ ಇದೇ.

ಇರಾನಿನ ಕೋಕರ್ ಎಂಬ ಹಳ್ಳಿಯ ಸುತ್ತಮುತ್ತ ಕಿಯರೋಸ್ತಮಿ ಮಾಡಿದ ಚಿತ್ರಗಳನ್ನೇ ತಗೊಳ್ಳಿ. 2019ರಲ್ಲಿ ಅಮೆರಿಕದ ಡಿಸ್ಕ್ ಕಂಪನಿ ಕ್ರೈಟೀರಿಯನ್ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ತಂದಿತು. ಮೊದಲನೆಯದು 1987ರ ‘ವೇರ್ ಈಸ್ ದ ಫ್ರೆಂಡ್ಸ್ ಹೌಸ್’. ಒಬ್ಬ ಹುಡುಗ ಗೆಳೆಯನ ನೋಟ್‌ಬುಕ್ಕನ್ನು ಗೊತ್ತಿಲ್ಲದೆ ಮನೆಗೆ ತಂದುಬಿಟ್ಟಿದ್ದಾನೆ. ಪುಸ್ತಕದಲ್ಲೇ ಹೋಂವರ್ಕ್ ಬರೆಯದಿದ್ದರೆ ಆ ಗೆಳೆಯನನ್ನು ಶಾಲೆಯಿಂದ ಹೊರಗೆ ಹಾಕುತ್ತೇನೆ ಅಂತ ಮೇಷ್ಟ್ರು ಹೇಳಿದ್ದಾರೆ. ಹುಡುಗ ಗುಡ್ಡ ಹತ್ತಿ ಇಳಿದು ಪಕ್ಕದ ಊರಿನಲ್ಲಿ ಗೆಳೆಯನ ಮನೆ ಹುಡುಕುತ್ತಾನೆ. ಕತೆ ಇಷ್ಟೇ.

1990ರಲ್ಲಿ ಆ ಸೀಮೆಯಲ್ಲಿ ಭೀಕರ ಭೂಕಂಪ ಆಯಿತು. 1992ರ ಎರಡನೇ ಚಿತ್ರ ‘ಅಂಡ್ ಲೈಫ್ ಗೋಸ್ ಆನ್’. ಇದರಲ್ಲಿ ಒಬ್ಬ ನಿರ್ದೇಶಕ ಮಗನನ್ನು ಕರೆದುಕೊಂಡು, ಮೊದಲ ಚಿತ್ರದ ಹುಡುಗರು ಬದುಕಿದ್ದಾರಾ ಅಂತ ಕಾರಿನಲ್ಲಿ ಹುಡುಕಿ ಹೊರಡುತ್ತಾನೆ. ದಾರಿಯಲ್ಲಿ ಭೂಕಂಪದ ಬೆನ್ನಿಗೇ ಮದುವೆಯಾದ ಒಂದು ಜೋಡಿ ಸಿಗುತ್ತದೆ. ಚಿಕ್ಕ ದೃಶ್ಯ, ಮೊದಲ ಸಲ ನೋಡುವಾಗ ಅದರ ಕಡೆ ಅಷ್ಟಾಗಿ ಗಮನ ಹೋಗುವುದಿಲ್ಲ. 1994ರ ‘ಥ್ರೂ ದ ಆಲಿವ್ ಟ್ರೀಸ್’ ಚಿತ್ರ ಪೂರ್ತಿ ನಿಂತಿರುವುದು ಆ ಚಿಕ್ಕ ದೃಶ್ಯದ ಮೇಲೆ. ಅದನ್ನು ಶೂಟ್ ಮಾಡುತ್ತಿರುವ ತಂಡವನ್ನೇ ಈಗ ನಾವು ನೋಡುತ್ತೇವೆ. ಗಂಡನ ಪಾತ್ರ ಮಾಡುವ ಹುಸೇನ್‌ಗೆ ಹೆಂಡತಿಯ ಪಾತ್ರ ಮಾಡುವ ಹುಡುಗಿಯ ಮೇಲೆ ನಿಜವಾಗಿಯೂ ಮನಸ್ಸಿದೆ. ಅವಳ ಮನೆಯವರು ಒಪ್ಪಿಲ್ಲ. ಸಂಭಾಷಣೆಯ ಪ್ರಕಾರ ಅವಳು ಅವನನ್ನು ಗೌರವ ಸೇರಿಸಿ ಕರೆಯಬೇಕು. ಅವಳು ಕರೆಯುವುದಿಲ್ಲ. ಟೇಕ್ ಮೇಲೆ ಟೇಕ್ ಆಗುತ್ತದೆ, ಅವಳು ಬರೀ ಹೆಸರು ಹಿಡಿದೇ ಕರೆಯುತ್ತಾಳೆ. ಎರಡನೇ ಚಿತ್ರದಲ್ಲಿ ಸುಮ್ನೆ ದಾಟಿಹೋಗಿದ್ದ ಆ ಮೆಟ್ಟಿಲು, ಆ ಜಗಲಿ ಈಗ ಬೇರೆಯದೇ ಆಗಿ ಕಾಣುತ್ತದೆ.

ಮೂರನೆಯದನ್ನು ಒಂದೇ ನೋಡಿದರೆ ಇದರಲ್ಲಿ ಅರ್ಧ ತಪ್ಪಿಹೋಗುತ್ತದೆ. ಅದಕ್ಕೇ ಹೇಳಿದ್ದು, ಹಿಂದೆ ಹೋಗಿ ಅಂತ. ಅಂದಹಾಗೆ ಇವನ್ನು ‘ಟ್ರಿಲಜಿ’ ಅಂತ ಜೋಡಿಸಿದ್ದು ವಿಮರ್ಶಕರು.

ನಿಧಾನಗಾಮಿ:
ಮೂರನೇಸಾಲು ಅವರೇ, ನೀವು ಹೇಳಿದ್ದು ನಿಜ. ಆದರೆ ಹೊಸಬರಿಗೆ ನಾನು ಬೇರೆ ದಾರಿ ಹೇಳುತ್ತೇನೆ. ಒಬ್ಬರ ಹಿಂದೆಯೇ ಹೋದರೆ ಎಷ್ಟೋ ದೇಶಗಳ ಬಾಗಿಲು ತೆರೆಯುವುದೇ ಇಲ್ಲ. ಹತ್ತು ವರ್ಷ ಬರ್ಗ್‌ಮನ್, ಫೆಲಿನಿ, ಕುರೊಸಾವಾ ನೋಡಿಕೊಂಡೇ ಇರುವವರು ಇದ್ದಾರೆ. ಸೆನೆಗಲ್, ಟರ್ಕಿ, ಫಿಲಿಪ್ಪೀನ್ಸ್ ಅವರ ಹತ್ತಿರವೂ ಸುಳಿಯುವುದಿಲ್ಲ.

ಮಾರ್ಟಿನ್ ಸ್ಕೋರ್ಸೆಸಿಯ ‘ವರ್ಲ್ಡ್ ಸಿನಿಮಾ ಪ್ರಾಜೆಕ್ಟ್’ ಪೆಟ್ಟಿಗೆಗಳನ್ನು ನೋಡಿ. 2007ರಲ್ಲಿ ಶುರುವಾದ ಕೆಲಸ ಅದು. ಸಂರಕ್ಷಣೆಗೆ ಹಣವಾಗಲಿ ಲ್ಯಾಬ್ ಆಗಲಿ ಇಲ್ಲದ ದೇಶಗಳ ಚಿತ್ರಗಳನ್ನು ಹುಡುಕಿ ರಿಸ್ಟೋರ್ ಮಾಡುತ್ತಾರೆ, ಅಂದರೆ ಹಾಳಾದದ್ದನ್ನು ಸರಿಪಡಿಸುತ್ತಾರೆ. ಮೊದಲ ಪೆಟ್ಟಿಗೆ ಬಂದಿದ್ದು 2013ರಲ್ಲಿ. ಆರು ಚಿತ್ರ, ಆರು ದೇಶ. ಸೆನೆಗಲ್‌ನ ಮಾಂಬೆಟಿಯ ‘ಟೂಕಿ ಬೂಕಿ’, ಬಾಂಗ್ಲಾದೇಶದಲ್ಲಿ ಋತ್ವಿಕ್ ಘಟಕ್ ಮಾಡಿದ ‘ತಿತಾಸ್ ಏಕಟಿ ನದೀರ್ ನಾಮ್’, ಮೆಕ್ಸಿಕೋ, ಟರ್ಕಿ, ಮೊರಾಕ್ಕೊ, ದಕ್ಷಿಣ ಕೊರಿಯಾದ ಒಂದೊಂದು. ಒಂದರಂತೆ ಇನ್ನೊಂದಿಲ್ಲ. ಯಾವುದು ನಿಮ್ಮನ್ನು ಹಿಡಿಯುತ್ತದೋ ಅಲ್ಲಿಂದ ಮುಂದೆ ಹೋಗಬಹುದು.

ಆ ಚಿತ್ರಗಳು ಉಳಿದು ಬಂದ ಕತೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಕಿಮ್ ಕಿ-ಯಂಗ್ 1960ರಲ್ಲಿ ಮಾಡಿದ ‘ದ ಹೌಸ್‌ಮೇಡ್’ ಚಿತ್ರದ ನೆಗೆಟಿವ್‌ನಲ್ಲಿ ಎರಡು ರೀಲು ಇರಲಿಲ್ಲ. 1990ರಲ್ಲಿ ಒಂದು ಹಳೇ ಪ್ರಿಂಟ್ ಸಿಕ್ಕಿತು. ಕಾಣೆಯಾದ ಭಾಗ ಅದರಲ್ಲಿತ್ತು. ಆದರೆ ಚಿತ್ರದ ಮೇಲೆಯೇ ಕೈಬರಹದ ಇಂಗ್ಲಿಷ್ ಸಬ್‌ಟೈಟಲ್, ಫ್ರೇಮಿನ ದೊಡ್ಡ ಪಾಲನ್ನೇ ಮುಚ್ಚುವ ಹಾಗೆ. ಆ ಅಕ್ಷರಗಳನ್ನು ಡಿಜಿಟಲ್ ಆಗಿ ಅಳಿಸಿ, ಹಿಂದಿದ್ದ ಚಿತ್ರವನ್ನು ಮತ್ತೆ ಕಟ್ಟಿದರು. ಡಿಸ್ಕ್ ಹಾಕಿ ನೋಡಿ. ಆ ರೀಲುಗಳು ಬಂದಾಗ ಚಿತ್ರ ಸ್ವಲ್ಪ ಮೆತ್ತಗಾಗುತ್ತದೆ, ಕಪ್ಪು ಬಿಳುಪಿನ ಗಟ್ಟಿತನ ಕಡಿಮೆಯಾಗುತ್ತದೆ. ಎರಡು ನಿಮಿಷ ಆದಮೇಲೆ ಅದು ಮರೆತೇ ಹೋಗುತ್ತದೆ. ಮೆಟ್ಟಿಲ ಮೇಲೆ ಏನಾಗುತ್ತದೋ ಅನ್ನುವ ಭಯದಲ್ಲಿ ಕೂತಿರುತ್ತೀರಿ.

ಇನ್ನೊಂದು ಇರಾನಿನದು. ಮೊಹಮ್ಮದ್ ರೆಜಾ ಅಸ್ಲಾನಿಯ ‘ಚೆಸ್ ಆಫ್ ದ ವಿಂಡ್’, 1976. ಕ್ರಾಂತಿಯ ನಂತರ ಬ್ಯಾನ್ ಆಯಿತು, ಕಳೆದೇಹೋಯಿತು ಅಂದುಕೊಂಡಿದ್ದರು. ಎಷ್ಟೋ ವರ್ಷದ ಮೇಲೆ ಟೆಹ್ರಾನಿನ ಹಳೇ ಸಾಮಾನಿನ ಅಂಗಡಿಯಲ್ಲಿ ಅದರ ನೆಗೆಟಿವ್ ಡಬ್ಬಿಗಳು ನಿರ್ದೇಶಕರ ಮಗನ ಕಣ್ಣಿಗೆ ಬಿದ್ದವು. ಈಗ ಅದು ನಾಲ್ಕನೇ ಪೆಟ್ಟಿಗೆಯಲ್ಲಿದೆ. ಉದಯ ಶಂಕರ್ ಅವರ 1948ರ ‘ಕಲ್ಪನಾ’ ಕೂಡ ಅದೇ ಪೆಟ್ಟಿಗೆಯಲ್ಲಿ.

ಮೂರನೇಸಾಲು:
ಒಪ್ಪಿದೆ. ಟರ್ಕಿಯ ‘ಲಾ ಆಫ್ ದ ಬಾರ್ಡರ್’ (1966) ಹೆಸರನ್ನೂ ಸೇರಿಸಿ. 1980ರ ಮಿಲಿಟರಿ ದಂಗೆಯ ನಂತರ ಉಳಿದದ್ದು ಒಂದೇ ಪ್ರಿಂಟು. ಎರಡನೇ ಪೆಟ್ಟಿಗೆಯಲ್ಲಿದೆ. ಗೀರು, ಕಲೆ ಪೂರ್ತಿ ಹೋಗಿಲ್ಲ. ಹೋಗಬೇಕಾಗಿಯೂ ಇಲ್ಲ.

ಪರದೆಯಾಚೆ:
ಡಿಸ್ಕ್‌ನಲ್ಲಿ ವಿಶೇಷ ಏನು ಅಂತ ಹೊಸನೋಟ ಅವರು ಕೇಳಿದ್ದಕ್ಕೆ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಮನೆಯಲ್ಲಿ ಸಿನಿಮಾ ನೋಡುವುದು ಅಂದರೆ ಒಂದು ಕಾಲದಲ್ಲಿ ಚೌಕ ಟಿವಿ, ವಿಎಚ್ಎಸ್ ಟೇಪು. ಅಗಲ ತೆರೆಯ ಚಿತ್ರವನ್ನು ಆ ಚೌಕಕ್ಕೆ ತುಂಬಿಸಲು ಎರಡೂ ಕಡೆ ಕತ್ತರಿಸುತ್ತಿದ್ದರು. ಪ್ಯಾನ್ ಅಂಡ್ ಸ್ಕ್ಯಾನ್ ಅಂತಾರಲ್ಲ, ಅದು. ಎತ್ತರ 1 ಅಂದುಕೊಂಡರೆ, 2.35 ಅಗಲದ ಚಿತ್ರವನ್ನು 1.33ಕ್ಕೆ ಇಳಿಸಿದರೆ ಶೇಕಡಾ 40ಕ್ಕಿಂತ ಜಾಸ್ತಿ ಭಾಗ ಮಾಯ.

ಇದರಿಂದ ಏನು ಹಾಳಾಗುತ್ತದೆ ಅಂತ ತಿಳಿಯಲು ಕುರೊಸಾವಾ 1963ರಲ್ಲಿ ಮಾಡಿದ ‘ಹೈ ಅಂಡ್ ಲೋ’ ಸಾಕು. ಚಪ್ಪಲಿ ಕಂಪನಿಯ ಒಬ್ಬ ದೊಡ್ಡ ಮನುಷ್ಯ. ಅವನ ಮಗನನ್ನು ಎತ್ತಿಕೊಂಡು ಹೋಗಿದ್ದೇವೆ ಅಂತ ಫೋನ್ ಬರುತ್ತದೆ. ನೋಡಿದರೆ ಡ್ರೈವರ್ ಮಗನನ್ನು ತಪ್ಪಾಗಿ ಹಿಡಿದಿದ್ದಾರೆ. ಈಗ ಹಣ ಕೊಡಬೇಕಾ ಬೇಡವಾ? ಹತ್ತಿರ ಹತ್ತಿರ ಒಂದು ಗಂಟೆ ಇಡೀ ಚಿತ್ರ ಒಂದೇ ಹಜಾರದಲ್ಲಿ ನಡೆಯುತ್ತದೆ. ಯಜಮಾನ ಒಂದು ತುದಿಯಲ್ಲಿ, ಪೊಲೀಸರು ನಡುವೆ, ಡ್ರೈವರ್ ಇನ್ನೊಂದು ತುದಿಯಲ್ಲಿ ತಲೆ ತಗ್ಗಿಸಿ ನಿಂತಿರುತ್ತಾನೆ. ಡ್ರೈವರ್ ಹೆಚ್ಚು ಹೊತ್ತು ಮಾತೇ ಆಡುವುದಿಲ್ಲ. ಅವನು ಅಲ್ಲಿ ನಿಂತಿರುವುದೇ ಯಜಮಾನನ ಮೇಲಿನ ಒತ್ತಡ. ಎರಡು ಕಡೆ ಕತ್ತರಿಸಿದರೆ ಡ್ರೈವರೇ ಇರುವುದಿಲ್ಲ! ದೃಶ್ಯದ ಅರ್ಥವೇ ಹೋಯಿತಲ್ಲ.

ಕ್ರೈಟೀರಿಯನ್ 1984ರಲ್ಲಿ ಲೇಸರ್‌ಡಿಸ್ಕ್ (ಡಿವಿಡಿಗೂ ಮುಂಚಿನ ದೊಡ್ಡ ಡಿಸ್ಕ್) ತರಲು ಶುರು ಮಾಡಿತು. ಮೊದಲನೆಯದು ‘ಸಿಟಿಜನ್ ಕೇನ್’, ಎರಡನೆಯದು ‘ಕಿಂಗ್ ಕಾಂಗ್’. ಆ ‘ಕಿಂಗ್ ಕಾಂಗ್’ ಡಿಸ್ಕ್‌ನ ಎರಡನೇ ಆಡಿಯೋ ಟ್ರ್ಯಾಕಿನಲ್ಲಿ ರೊನಾಲ್ಡ್ ಹ್ಯಾವರ್ ಎಂಬ ಚಿತ್ರ ಸಂರಕ್ಷಕರು ಚಿತ್ರದ ಜೊತೆ ಜೊತೆಗೇ ಮಾತಾಡುತ್ತಾ ಹೋದರು. ಆಡಿಯೋ ಕಮೆಂಟರಿ ಹುಟ್ಟಿದ್ದು ಅಲ್ಲಿ. ಅಗಲ ತೆರೆಯ ಚಿತ್ರವನ್ನು ಕತ್ತರಿಸದೆ, ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಕೊಡುವ ಪದ್ಧತಿಯನ್ನು ಬೆಳೆಸಿದ್ದೂ ಅವರ ಲೇಸರ್‌ಡಿಸ್ಕ್‌ಗಳೇ. 1998ರಲ್ಲಿ ಡಿವಿಡಿಗೆ ಬಂದರು, 2008ರ ಕೊನೆಗೆ ಬ್ಲೂ-ರೇಗೆ. ಚಿತ್ರಗಳಲ್ಲಿ ದೊಡ್ಡ ಪಾಲು ಜೇನಸ್ ಫಿಲ್ಮ್ಸ್‌ನದು. 1956ರಿಂದ ಬರ್ಗ್‌ಮನ್, ಕುರೊಸಾವಾ ಚಿತ್ರಗಳನ್ನು ಅಮೆರಿಕಕ್ಕೆ ತಂದ ವಿತರಣಾ ಸಂಸ್ಥೆ ಅದು.

ಆದರೆ ಕ್ರೈಟೀರಿಯನ್ ಒಂದೇ ಅಲ್ಲ. ಡಿಸ್ಕ್ ತರುವ ಇಂಗ್ಲೆಂಡಿನ ‘ಮಾಸ್ಟರ್ಸ್ ಆಫ್ ಸಿನಿಮಾ’, ಬಿಎಫ್ಐ (ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್), ‘ಸೆಕೆಂಡ್ ರನ್’ ಕಡೆಗೂ ಕಣ್ಣಿಡಿ. ಸೆಕೆಂಡ್ ರನ್ 2005ರಿಂದ ಜೆಕ್, ಹಂಗರಿ, ಪೋಲೆಂಡ್ ಚಿತ್ರಗಳನ್ನು ತರುತ್ತಿದೆ. ವೇರಾ ಹಿತಿಲೋವಾ 1966ರಲ್ಲಿ ಮಾಡಿದ ‘ಡೇಸೀಸ್’ ಅಲ್ಲಿ ಸಿಗುತ್ತದೆ. ಇಬ್ಬರು ಹುಡುಗಿಯರು ಲೋಕವೇ ಕೆಟ್ಟಿದೆ, ನಾವೂ ಕೆಡೋಣ ಅಂತ ಹೊರಡುವ ಚಿತ್ರ. ಕಲಾ ಸಿನಿಮಾ ಅಂದರೆ ಮುಖ ಗಂಟು ಹಾಕಿಕೊಂಡು ನೋಡಬೇಕು ಅಂದುಕೊಂಡವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಮಳೆಬಿಲ್ಲು:
ಎಲ್ಲ ಸರಿ, ಆದರೆ ಈಗ ಸ್ಟ್ರೀಮಿಂಗ್‌ನಲ್ಲೇ ಇಷ್ಟು ಸಿಗುತ್ತಲ್ಲ? ಮುಬಿ ಇದೆ, ಕ್ರೈಟೀರಿಯನ್‌ನದೇ ಚಾನೆಲ್ ಇದೆ. ಮೋಸ್‌ಫಿಲ್ಮ್ ಸ್ಟುಡಿಯೋ ತನ್ನ ಎಷ್ಟೋ ಚಿತ್ರಗಳನ್ನು ಯೂಟ್ಯೂಬ್‌ನಲ್ಲಿ ಪುಕ್ಕಟೆ ಹಾಕಿದೆ. ಡಿಸ್ಕ್ ಕೊಳ್ಳಲು ಆಗದವರೂ ಇದ್ದಾರೆ ಅಲ್ವಾ? ಹೊಸಬರನ್ನು ಸುಮ್ನೆ ಖರ್ಚಿಗೆ ಹಚ್ಚಬೇಡಿ.

ಪರದೆಯಾಚೆ:
ಮಳೆಬಿಲ್ಲು ಅವರೇ, ನ್ಯಾಯವಾದ ಮಾತು. ಮೊದಲ ನೋಟಕ್ಕೆ ಸ್ಟ್ರೀಮಿಂಗ್ ಧಾರಾಳ ಸಾಕು. ನನ್ನ ಅಂಜಿಕೆ ಬೇರೆ. ಫಿಲ್ಮ್‌ಸ್ಟ್ರಕ್ ಅಂತ ಒಂದು ಸ್ಟ್ರೀಮಿಂಗ್ ಸೇವೆ ಇತ್ತು, ನೆನಪಿದೆಯಾ? 2016ರಲ್ಲಿ ಶುರುವಾಯಿತು. ಕಲಾ ಸಿನಿಮಾ ಪ್ರಿಯರಿಗೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. 2018ರ ನವೆಂಬರ್ 29ಕ್ಕೆ ಮುಚ್ಚಿಬಿಟ್ಟರು. ನಿರ್ದೇಶಕರು, ನಟರು ಬಹಿರಂಗವಾಗಿ ಬೇಡಿಕೊಂಡರೂ ಉಳಿಯಲಿಲ್ಲ. ಕ್ರೈಟೀರಿಯನ್ ಚಾನೆಲ್ ಬಂದಿದ್ದು ಅದಾದ ಮೇಲೆ, 2019ರ ಏಪ್ರಿಲ್‌ನಲ್ಲಿ. ಹಕ್ಕಿನ ಅವಧಿ ಮುಗಿದರೆ ಚಿತ್ರ ಹೋಗುತ್ತದೆ. ಯಾವಾಗ ವಾಪಸ್ ಬರುತ್ತದೋ ಯಾರೂ ಹೇಳಲಾರರು.

ಬಾಡಿಗೆ ಅಂಗಡಿಗಳ ಸಂಗ್ರಹದ ಪಾಡೂ ನೋಡಿ. ನ್ಯೂಯಾರ್ಕಿನ ‘ಕಿಮ್ಸ್ ವಿಡಿಯೋ’ ಅಂಗಡಿಯ ಸುಮಾರು 55,000 ಚಿತ್ರಗಳು 2009ರಲ್ಲಿ ಇಟಲಿಯ ಸಿಸಿಲಿಯ ಸಲೇಮಿ ಎಂಬ ಊರಿಗೆ ಹೋದವು. ಜನರಿಗೆ ನೋಡಲು ಸಿಗುತ್ತವೆ ಅಂತ ಕೊಟ್ಟಿದ್ದು. ಅಲ್ಲಿ ಸುಮ್ನೆ ಬಿದ್ದಿದ್ದವು. 2022ರಲ್ಲಿ ಮತ್ತೆ ನ್ಯೂಯಾರ್ಕಿಗೆ ಬಂದವು. ಸಿಯಾಟಲ್‌ನ ‘ಸ್ಕೇರ್‌ಕ್ರೋ ವಿಡಿಯೋ’ ಮಾತ್ರ ಬೇರೆ ದಾರಿ ಹಿಡಿಯಿತು. 2014ರಲ್ಲಿ ಲಾಭಕ್ಕಲ್ಲದ ಸಂಸ್ಥೆಯಾಗಿ ಬದಲಾಯಿತು. ಒಂದು ಲಕ್ಷಕ್ಕೂ ಜಾಸ್ತಿ ಚಿತ್ರಗಳಿವೆ ಅಲ್ಲಿ. ಎಷ್ಟೋ ಚಿತ್ರ ಯಾವ ಸ್ಟ್ರೀಮಿಂಗ್‌ನಲ್ಲೂ ಇಲ್ಲ.

ಖರ್ಚಿನ ವಿಷಯಕ್ಕೆ ಬಂದರೆ, ಡಿಸ್ಕ್ ಇಟ್ಟಿರುವ ಲೈಬ್ರರಿ, ಫಿಲ್ಮ್ ಸೊಸೈಟಿ ಇದ್ದರೆ ಅಲ್ಲಿ ವಿಚಾರಿಸಿ. ಗೆಳೆಯರಲ್ಲಿ ಅದಲು ಬದಲು ಮಾಡಿಕೊಳ್ಳಿ. ಎರಡನೇ ಸಲ ನೋಡಬೇಕು ಅನ್ನಿಸಿದ ಚಿತ್ರದ ಡಿಸ್ಕ್ ಮಾತ್ರ ಕೊಳ್ಳಿ. ಕಪಾಟು ತಾನಾಗಿ ತುಂಬುತ್ತದೆ. ಡಿಸ್ಕ್ ಡಬ್ಬಿಯ ಬೆನ್ನಿನ ಮೇಲಿನ ನಂಬರಿನ ಹಿಂದೆ ಬಿದ್ದು ಒಂದೂ ಬಿಡದೆ ಕೊಳ್ಳುವವರಿದ್ದಾರೆ. ಬಿಚ್ಚದ ಪ್ಲಾಸ್ಟಿಕ್ ಹೊದಿಕೆಯಲ್ಲಿ ಡಿಸ್ಕ್‌ಗಳು ಸಾಲಾಗಿ ನಿಂತಿರುವುದು ನೋಡಿದರೆ ನನಗೆ ಬೇಸರವಾಗುತ್ತದೆ.

ಮಸುಕುಬೆಳಕು:
ಇಲ್ಲಿ ಯಾರೂ ಮುಟ್ಟದ ವಿಷಯ ಒಂದಿದೆ. ಯಾವ ಚಿತ್ರ ಅನ್ನುವುದರ ಜೊತೆಗೆ ‘ಯಾವ ಪ್ರತಿ’ ಅಂತಲೂ ಕೇಳಬೇಕು. ಸ್ಟ್ರೀಮಿಂಗ್ ಒಂದು ಪ್ರತಿ ಕೊಟ್ಟು ಸುಮ್ಮನಾಗುತ್ತದೆ. ಒಳ್ಳೆಯ ಡಿಸ್ಕ್ ಸಾಕ್ಷ್ಯಗಳನ್ನೆಲ್ಲ ನಿಮ್ಮ ಮುಂದೆ ಇಡುತ್ತದೆ, ತೀರ್ಮಾನ ನಿಮಗೆ ಬಿಡುತ್ತದೆ. ನಾನು ಡಿಸ್ಕ್ ಕೂಡಿಡುವುದಕ್ಕೆ ಮುಖ್ಯ ಕಾರಣ ಇದೇ.

ಡ್ರೇಯರ್ ಅವರ ‘ದ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್’, 1928. ಮೂಲ ನೆಗೆಟಿವ್ ಅದೇ ವರ್ಷ ಬೆಂಕಿಗೆ ಹೋಯಿತು. ಬಳಸದೆ ಬಿಟ್ಟಿದ್ದ ಬೇರೆ ಟೇಕ್‌ಗಳಿಂದ ಡ್ರೇಯರ್ ಇನ್ನೊಂದು ಪ್ರತಿ ಕಟ್ಟಿದರು. ಮೊದಲ ಆವೃತ್ತಿ ಹೋಯಿತು ಅಂತಲೇ ಎಲ್ಲರೂ ನಂಬಿದ್ದರು. 1981ರಲ್ಲಿ ಓಸ್ಲೋದ ಒಂದು ಮಾನಸಿಕ ಆಸ್ಪತ್ರೆಯ ಸಾಮಾನಿನ ಕೋಣೆಯಲ್ಲಿ ಅದರ ಪ್ರಿಂಟ್ ಸಿಕ್ಕಿತು. ಇವತ್ತು ನಾವು ನೋಡುವುದು ಅದನ್ನೇ.

ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. ಮೂಕಿ ಚಿತ್ರಕ್ಕೆ ಒಂದೇ ವೇಗ ಅಂತ ಇಲ್ಲ. ಸೆಕೆಂಡಿಗೆ 24 ಫ್ರೇಮಿನಲ್ಲಿ ಓಡಿಸಿದರೆ ಚಿತ್ರ ಸುಮಾರು 81 ನಿಮಿಷ. 20ರಲ್ಲಿ ಓಡಿಸಿದರೆ 97. ಮಾಸ್ಟರ್ಸ್ ಆಫ್ ಸಿನಿಮಾ 2012ರಲ್ಲೂ ಕ್ರೈಟೀರಿಯನ್ 2018ರಲ್ಲೂ ತಂದ ಬ್ಲೂ-ರೇಗಳಲ್ಲಿ ಎರಡು ವೇಗವೂ ಇವೆ. ಜೋನ್ ಪಾತ್ರ ಮಾಡಿದ ಫಾಲ್ಕೊನೆಟ್ಟಿಯ ಮುಖದ ಒಂದು ಕ್ಲೋಸಪ್ ಆರಿಸಿಕೊಂಡು ಎರಡರಲ್ಲೂ ನೋಡಿ. 24ರಲ್ಲಿ ವಿಚಾರಣೆ ಅವಳ ಮೇಲೆ ಎರಗಿ ಬರುತ್ತದೆ, ಉಸಿರಾಡಲು ಬಿಡುವುದಿಲ್ಲ. 20ರಲ್ಲಿ ಕಣ್ಣಲ್ಲಿ ನೀರು ತುಂಬಿ ಕೆನ್ನೆಗೆ ಇಳಿಯುವ ಹೊತ್ತು ಬೇರೆಯೇ. ನನಗೆ 20 ಇಷ್ಟ. ಇಲ್ಲ ಅನ್ನುವವರ ಹತ್ತಿರವೂ ಗಟ್ಟಿ ವಾದ ಇದೆ. ಮೊದಲ ಸಲ ಸಂಗೀತ ಇಲ್ಲದೆ ನೋಡಿ ಅಂತ ನನ್ನ ಸಲಹೆ.

ತಾರ್ಕೋವ್‌ಸ್ಕಿಯ ‘ಆಂದ್ರೇ ರುಬ್ಲೆವ್’ ಕೂಡ ಹಾಗೇ. 205 ನಿಮಿಷದ್ದು ಒಂದು, 183 ನಿಮಿಷದ್ದು ಒಂದು. ಉದ್ದ ಇರುವುದೇ ಅಸಲಿ, ಚಿಕ್ಕದನ್ನು ಸೆನ್ಸಾರ್ ಕತ್ತರಿಸಿದ್ದು ಅಂತ ಸುಮಾರು ಜನ ತಿಳಿದಿದ್ದಾರೆ. ತಾರ್ಕೋವ್‌ಸ್ಕಿ ಸ್ವತಃ ಒಪ್ಪಿದ್ದು 183 ನಿಮಿಷದ್ದನ್ನು. 2018ರ ಕ್ರೈಟೀರಿಯನ್ ಡಿಸ್ಕ್‌ನಲ್ಲಿ ಎರಡೂ ಇವೆ. ಮೊದಲು ಚಿಕ್ಕದು ನೋಡಿ, ಆಮೇಲೆ ದೊಡ್ಡದು.

ನಿಧಾನಗಾಮಿ:
ಹಾಗಾದರೆ ನಿರ್ದೇಶಕ ಒಪ್ಪಿದ್ದೇ ಕೊನೆಯ ಮಾತಾ? ಹಾಂಗ್‌ಕಾಂಗ್ ನಿರ್ದೇಶಕ ವಾಂಗ್ ಕಾರ್-ವಾಯ್ ಪೆಟ್ಟಿಗೆ ಬಗ್ಗೆ ಏನಂತೀರಿ?

ಮಸುಕುಬೆಳಕು:
ಅದು ಕಷ್ಟದ ಪ್ರಶ್ನೆ. 2021ರಲ್ಲಿ ಅವರ ಏಳು ಚಿತ್ರಗಳ ಪೆಟ್ಟಿಗೆ ಬಂತು. ರಿಸ್ಟೊರೇಶನ್ ನಡೆದದ್ದು ನಿರ್ದೇಶಕರ ಕಣ್ಣೆದುರೇ. ಅವರು ಚಿತ್ರಗಳನ್ನು ಇದ್ದ ಹಾಗೆ ಬಿಡಲಿಲ್ಲ. ‘ಫಾಲನ್ ಏಂಜೆಲ್ಸ್’ 1.85 ಅಗಲದ ಚಿತ್ರ. ಅದನ್ನು 2.39ಕ್ಕೆ ಬದಲಾಯಿಸಿದರು. ‘ಇನ್ ದ ಮೂಡ್ ಫಾರ್ ಲವ್’ ಚಿತ್ರಕ್ಕೆ ಹಸಿರು ಛಾಯೆ ಬಂತು. ಥಿಯೇಟರಿನಲ್ಲಿ ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಆ ಕೆಂಪು ಈಗ ಬೇರೆ. ಇವು ಹೊಸ ಕೃತಿಗಳು ಎಂಬ ಧಾಟಿಯಲ್ಲೇ ಅವರು ಪೆಟ್ಟಿಗೆಯಲ್ಲಿ ಬರೆದಿದ್ದಾರೆ.

ಚಿತ್ರ ಅವರದು, ಬದಲಾಯಿಸುವ ಹಕ್ಕು ಇದ್ದೇ ಇದೆ. ಆದರೆ ಜನ ನೋಡಿದ, ಅತ್ತ, ಬರೆದ ಚಿತ್ರ ಹಳೆಯದು. ಅದೂ ಸಿಗುತ್ತಿರಬೇಕು. ಬದಲಾವಣೆಗೆ ನನ್ನ ತಕರಾರಿಲ್ಲ, ಹಳೆಯದು ಕಣ್ಮರೆಯಾಗುವುದಕ್ಕೆ ತಕರಾರು. 2012ರ ‘ಇನ್ ದ ಮೂಡ್ ಫಾರ್ ಲವ್’ ಬ್ಲೂ-ರೇ ಯಾರ ಹತ್ತಿರವಾದರೂ ಇದ್ದರೆ ಹುಷಾರಾಗಿ ಇಟ್ಟುಕೊಳ್ಳಿ. ಹೊಸದು ಬಂತು ಅಂತ ಹಳೇ ಡಿಸ್ಕ್ ಮಾರಬೇಡಿ ಅಂತ ನಾನು ಯಾವಾಗಲೂ ಹೇಳುವುದು ಇದಕ್ಕೇ.

ಮಳೆಬಿಲ್ಲು:
ಈ ಮಾತು ನನ್ನ ಮನಸ್ಸಿಗೆ ನಾಟಿತು. ಸ್ಟ್ರೀಮಿಂಗ್‌ನಲ್ಲಿ ಬದಲಾದರೆ ಬದಲಾದದ್ದು ಗೊತ್ತೇ ಆಗುವುದಿಲ್ಲ.

ಹೊಸನೋಟ:
ಎಲ್ಲರಿಗೂ ಧನ್ಯವಾದ, ಓದುತ್ತಾ ಬರೆದಿಟ್ಟುಕೊಳ್ಳುತ್ತಿದ್ದೇನೆ. ಇನ್ನೊಂದು ಪ್ರಶ್ನೆ. ಬಹಳ ಉದ್ದದ, ಬಹಳ ನಿಧಾನದ ಚಿತ್ರಗಳನ್ನು ಮನೆಯಲ್ಲಿ ಹೇಗೆ ನೋಡುತ್ತೀರಿ? ಷಾಂತಾಲ್ ಅಕರ್ಮನ್ ಅವರ ‘ಜಾನ್ ಡೀಲ್‌ಮನ್’ 201 ನಿಮಿಷ ಅಂತೆ. ತುಂಡು ತುಂಡಾಗಿ ನೋಡಬಹುದಾ?

ನಿಧಾನಗಾಮಿ:
ಅದೊಂದನ್ನು ದಯವಿಟ್ಟು ತುಂಡು ಮಾಡಬೇಡಿ. ಯಾಕೆ ಅಂತ ಹೇಳುತ್ತೇನೆ.

1975ರ ಚಿತ್ರ. 2022ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ವಿಮರ್ಶಕರ ಮತ ಕೇಳಿದಾಗ ಮೊದಲ ಸ್ಥಾನ ಇದಕ್ಕೇ ಬಂತು. ಬ್ರಸೆಲ್ಸ್‌ನ ಒಬ್ಬ ವಿಧವೆಯ ಮೂರು ದಿನ. ಅಡುಗೆ ಮಾಡುತ್ತಾಳೆ, ಹಾಸಿಗೆ ಸರಿ ಮಾಡುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಮಗನಿಗೆ ಊಟ ಬಡಿಸುತ್ತಾಳೆ. ಮಧ್ಯಾಹ್ನ ಮನೆಗೆ ಗಂಡಸರು ಬಂದು ಹಣ ಕೊಟ್ಟು ಹೋಗುತ್ತಾರೆ. ಆ ಹಣವನ್ನು ಊಟದ ಮೇಜಿನ ಮೇಲಿನ ಪಿಂಗಾಣಿ ಪಾತ್ರೆಯಲ್ಲಿ ಹಾಕಿ ಮುಚ್ಚಳ ಮುಚ್ಚುತ್ತಾಳೆ. ಕ್ಯಾಮೆರಾ ಅಲ್ಲಾಡುವುದಿಲ್ಲ. ಕೋಣೆಯಿಂದ ಹೊರಗೆ ಬರುವಾಗ ಪ್ರತಿ ಸಲ ಲೈಟ್ ಆರಿಸುತ್ತಾಳೆ. ಮೊದಲ ದಿನ ನೋಡುತ್ತಾ ನೋಡುತ್ತಾ ಅವಳ ದಿನಚರಿ ನಮಗೂ ಬಾಯಿಪಾಠ ಆಗುತ್ತದೆ.

ಎರಡನೇ ದಿನ ಆಲೂಗಡ್ಡೆ ಜಾಸ್ತಿ ಬೆಂದುಹೋಗುತ್ತದೆ. ಪಿಂಗಾಣಿ ಪಾತ್ರೆಯ ಮುಚ್ಚಳ ಹಾಗೇ ತೆರೆದಿರುತ್ತದೆ. ಅಷ್ಟೇ. ನಮ್ಮ ಎದೆ ಧಸಕ್ ಅನ್ನುತ್ತದೆ. ಏನೋ ಆಗಿದೆ, ಇವಳೊಳಗೆ ಏನೋ ಜಾರಿದೆ ಅಂತ. ಬೆಂದ ಆಲೂಗಡ್ಡೆ ಹಿಡಿದುಕೊಂಡು ಏನು ಮಾಡಲಿ ಅಂತ ತೋಚದೆ ಅವಳು ಮನೆಯೊಳಗೆ ಓಡಾಡುವುದು ನಾನು ಕಂಡ ಅತ್ಯಂತ ದಿಗಿಲಿನ ದೃಶ್ಯಗಳಲ್ಲಿ ಒಂದು. ನಿನ್ನೆ ಒಂದು ಗಂಟೆ, ಇವತ್ತು ಒಂದು ಗಂಟೆ ಅಂತ ನೋಡಿದರೆ ಈ ದಿಗಿಲು ಹುಟ್ಟುವುದೇ ಇಲ್ಲ. ಫೋನ್ ಬೇರೆ ಕೋಣೆಯಲ್ಲಿಡಿ. ಮೂರೂವರೆ ಗಂಟೆ ಒಟ್ಟಿಗೆ ಕೊಡಿ.

ಎಲ್ಲ ಉದ್ದದ ಚಿತ್ರಕ್ಕೂ ಈ ನಿಯಮ ಬೇಕಿಲ್ಲ. ಬೇಲಾ ತಾರ್ ಅವರ ‘ಸಾತಾನ್‌ಟಾಂಗೊ’ (1994) ಏಳು ಗಂಟೆಗೂ ಜಾಸ್ತಿ. ಅದು ಹನ್ನೆರಡು ಅಧ್ಯಾಯಗಳಲ್ಲಿದೆ, ನಡುವೆ ಎದ್ದು ಬರಬಹುದು. ಕೀಸ್ಲೋವ್‌ಸ್ಕಿಯ ‘ಡೆಕಲಾಗ್’ ಪೋಲೆಂಡಿನ ಟಿವಿಗಾಗಿ ಮಾಡಿದ್ದು. ಸುಮಾರು ಒಂದೊಂದು ಗಂಟೆಯ ಹತ್ತು ಚಿತ್ರ, ಎಲ್ಲ ವಾರ್ಸಾದ ಒಂದೇ ವಸತಿ ಸಮುಚ್ಚಯದ ಜನರ ಕತೆಗಳು. ದಿನಕ್ಕೊಂದು ನೋಡಿ. ಎರಡು ನೋಡಿದರೆ ಜಾಸ್ತಿಯಾಯಿತು. ಐದನೆಯದಾದ ಮೇಲಂತೂ ಬೇರೇನೂ ನೋಡಲು ಮನಸ್ಸು ಬರುವುದಿಲ್ಲ.

ಹೊಸನೋಟ:
ಪ್ಲೇಯರ್ ಕೊಳ್ಳುವ ಮುಂಚೆ ತಿಳಿದಿರಬೇಕಾದ್ದು ಏನಾದರೂ?

ಪರದೆಯಾಚೆ:
ರೀಜನ್ ಕೋಡ್ ಒಂದು ನೋಡಿಕೊಳ್ಳಿ, ಅಂದರೆ ಡಿಸ್ಕ್ ಯಾವ ವಲಯದ ಪ್ಲೇಯರಿನಲ್ಲಿ ಓಡುತ್ತದೆ ಅನ್ನುವುದು. ಬ್ಲೂ-ರೇಗೆ ಎ, ಬಿ, ಸಿ ಅಂತ ಮೂರು ವಲಯ. ಅಮೆರಿಕ, ಜಪಾನ್, ಕೊರಿಯಾ ಎ. ಯುರೋಪ್, ಆಸ್ಟ್ರೇಲಿಯಾ, ಆಫ್ರಿಕಾ ಬಿ. ಭಾರತ, ಚೀನಾ, ರಷ್ಯಾ ಸಿ. ಅಮೆರಿಕದ ಕ್ರೈಟೀರಿಯನ್ ಡಿಸ್ಕ್ ಸಾಮಾನ್ಯವಾಗಿ ಎಗೆ ಬೀಗ ಹಾಕಿರುತ್ತದೆ. ಮಾಸ್ಟರ್ಸ್ ಆಫ್ ಸಿನಿಮಾದ ಬಹುಪಾಲು ಡಿಸ್ಕ್‌ಗಳು ಬಿ. ಕಲಾ ಸಿನಿಮಾ ಹುಡುಕುವವರಿಗೆ ಎರಡೂ ಬೇಕೇ ಬೇಕು. ಹಾಗಾಗಿ ಎಲ್ಲ ರೀಜನ್ ಓಡಿಸುವ ಪ್ಲೇಯರೇ ಕೊಳ್ಳಿ. 4ಕೆ ಯುಎಚ್‌ಡಿ ಡಿಸ್ಕ್‌ಗಳಿಗೆ ಈ ತಂಟೆ ಇಲ್ಲ.

ಹಳೇ ಡಿವಿಡಿ ಕೊಳ್ಳುವಾಗ ಅದು ಪಾಲ್, ಎನ್‌ಟಿಎಸ್‌ಸಿ ಎಂಬ ಎರಡು ಟಿವಿ ಪದ್ಧತಿಗಳಲ್ಲಿ ಯಾವುದು ಅಂತ ಗಮನಿಸಿ. ಪಾಲ್ ಸೆಕೆಂಡಿಗೆ 25 ಫ್ರೇಮ್, ಸಿನಿಮಾ 24. ಹಾಗಾಗಿ ಪಾಲ್ ಡಿವಿಡಿಯಲ್ಲಿ ಚಿತ್ರ ಶೇಕಡಾ 4ರಷ್ಟು ಬೇಗ ಓಡುತ್ತದೆ. 120 ನಿಮಿಷದ್ದು 115ಕ್ಕೇ ಮುಗಿಯುತ್ತದೆ, ಧ್ವನಿಯೂ ಸ್ವಲ್ಪ ಕೀರಲು. ನಿಧಾನವೇ ಜೀವಾಳ ಆಗಿರುವ ಚಿತ್ರಕ್ಕೆ ಇದು ದೊಡ್ಡ ವ್ಯತ್ಯಾಸ. ಆದರೂ ಡಿವಿಡಿ ಬಿಟ್ಟಾಕಬೇಡಿ. ಬ್ಲೂ-ರೇ ಕಾಣದ ಚಿತ್ರಗಳು ಎಷ್ಟೋ ಅಲ್ಲೇ ಉಳಿದಿವೆ. ಕ್ರೈಟೀರಿಯನ್ 2007ರಲ್ಲಿ ಶುರು ಮಾಡಿದ ‘ಎಕ್ಲಿಪ್ಸ್’ ಸರಣಿ ನೋಡಿ. ಕಮೆಂಟರಿ ಇಲ್ಲ, ಸಂದರ್ಶನ ಇಲ್ಲ, ಬರೀ ಸಿನಿಮಾ. ಬರ್ಗ್‌ಮನ್‌ನ ಆರಂಭದ ಚಿತ್ರಗಳು, ಎಪ್ಪತ್ತರ ದಶಕದ ಅಕರ್ಮನ್, ಜೆಕ್ ಹೊಸ ಅಲೆ. ಒಂದು ಸಣ್ಣ ಪೆಟ್ಟಿಗೆಯಲ್ಲಿ ಒಬ್ಬರ ಒಂದು ಕಾಲ.

ಮಸುಕುಬೆಳಕು:
ಕಮೆಂಟರಿ ಬಗ್ಗೆ ಒಂದು ಮಾತು. ಮೊದಲ ಸಲವೇ ಹಾಕಿಕೊಳ್ಳಬೇಡಿ, ಅದರ ಜೊತೆ ಬರುವ ಪುಸ್ತಿಕೆಯನ್ನೂ ಮೊದಲೇ ಓದಬೇಡಿ. ನಿಮಗೆ ಅನ್ನಿಸಿದ್ದು ಮೊದಲು ನಿಮ್ಮದಾಗಲಿ. ಒಂದು ವಾರ ಬಿಟ್ಟು ಕಮೆಂಟರಿಯ ಜೊತೆ ನೋಡಿದರೆ, ಒಪ್ಪಲು ಜಗಳ ಆಡಲು ಎದುರಿಗೆ ಒಬ್ಬರು ಸಿಕ್ಕ ಹಾಗೆ. ಓಜು ಚಿತ್ರಗಳಿಗೆ ಡೊನಾಲ್ಡ್ ರಿಚಿ, ಪೂರ್ವ ಏಷ್ಯಾದ ಚಿತ್ರಗಳಿಗೆ ಟೋನಿ ರೇನ್ಸ್ ಮಾತಾಡಿದ್ದನ್ನು ಬಿಡಬೇಡಿ.

ಮಳೆಬಿಲ್ಲು:
ಇಷ್ಟು ಹೊತ್ತಾದರೂ ಸೆಂಬೆನ್ ಹೆಸರು ಯಾರೂ ಎತ್ತಲಿಲ್ಲವಲ್ಲ! ಸೆನೆಗಲ್‌ನ ಉಸ್ಮಾನ್ ಸೆಂಬೆನ್ ಮೊದಲು ಕಾದಂಬರಿಕಾರ. ಫ್ರೆಂಚಿನಲ್ಲಿ ಬರೆಯುತ್ತಿದ್ದರು. ತನ್ನ ಜನರಲ್ಲಿ ಓದಬಲ್ಲವರು ಎಷ್ಟು ಮಂದಿ ಅನ್ನುವ ಚಿಂತೆ ಅವರನ್ನು ಕಾಡಿತು. ನಲವತ್ತರ ಹತ್ತಿರ ಬಂದಾಗ ಮಾಸ್ಕೋಗೆ ಹೋಗಿ ಸಿನಿಮಾ ಕಲಿತು ಬಂದರು. 1968ರಲ್ಲಿ ವೊಲೋಫ್ ಭಾಷೆಯಲ್ಲಿ ‘ಮಂದಾಬಿ’ ಮಾಡಿದರು. ಪ್ಯಾರಿಸ್‌ನಲ್ಲಿರುವ ಸೋದರಳಿಯ ಊರಿನಲ್ಲಿರುವ ಮಾವನಿಗೆ ಮನಿಆರ್ಡರ್ ಕಳಿಸುತ್ತಾನೆ. ಅದನ್ನು ಬಿಡಿಸಿಕೊಳ್ಳಲು ಗುರುತಿನ ಚೀಟಿ ಬೇಕು. ಚೀಟಿಗೆ ಜನನ ಪತ್ರ ಬೇಕು, ಫೋಟೋ ಬೇಕು. ಹಣ ಬಂದ ಸುದ್ದಿ ಕೇಳಿ ಸಾಲ ಕೇಳುವವರು ಬಾಗಿಲಿಗೆ ಬರುತ್ತಾರೆ. ಹಣ ಮಾತ್ರ ಕೈಗೆ ಬರುವುದಿಲ್ಲ. ಓದು ಬರಹ ಗೊತ್ತಿಲ್ಲದ ಮನುಷ್ಯನಿಗೆ ಒಂದೊಂದು ಕೌಂಟರಿನಲ್ಲೂ ಏನಾಗುತ್ತದೆ ಅನ್ನುವುದನ್ನು ಇಷ್ಟು ಚೆನ್ನಾಗಿ ತೋರಿಸಿದ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ. ಜಗತ್ತಿನ ಸಿನಿಮಾ ಅಂದರೆ ಯುರೋಪ್ ಮತ್ತು ಜಪಾನ್ ಅಂತ ಆಗಿಬಿಟ್ಟಿದೆ, ಅದು ನನಗೆ ನೋವಿನ ವಿಷಯ.

ಹೊಸನೋಟ:
ಇದನ್ನು ಖಂಡಿತ ನೋಡುತ್ತೇನೆ. ಸೆಂಬೆನ್‌ದು ಯಾವುದರಿಂದ ಶುರು ಮಾಡಲಿ, ಇದರಿಂದಲೇನಾ?

ಮಳೆಬಿಲ್ಲು:
‘ಬ್ಲ್ಯಾಕ್ ಗರ್ಲ್’ (1966) ಡಿಸ್ಕ್ ತಗೊಳ್ಳಿ. ಒಂದು ಗಂಟೆಯ ಆಸುಪಾಸಿನ ಚಿತ್ರ. ಡಾಕಾರ್‌ನಿಂದ ಫ್ರಾನ್ಸಿಗೆ ಮನೆಗೆಲಸಕ್ಕೆ ಹೋದ ಹುಡುಗಿಯ ಕತೆ. ಕ್ರೈಟೀರಿಯನ್ ಡಿಸ್ಕ್‌ನಲ್ಲಿ 1963ರ ‘ಬೊರೋಮ್ ಸರೆಟ್’ ಕೂಡ ಇದೆ. ಸುಮಾರು ಇಪ್ಪತ್ತು ನಿಮಿಷ, ಗಾಡಿ ಹೊಡೆಯುವವನ ಒಂದು ದಿನ. ಮೊದಲು ಅದನ್ನು ನೋಡಿ, ಆಮೇಲೆ ‘ಬ್ಲ್ಯಾಕ್ ಗರ್ಲ್’, ಕೊನೆಗೆ ‘ಮಂದಾಬಿ’. ನೋಡಿ ಬಂದು ಬರೆಯಿರಿ, ‘ಬ್ಲ್ಯಾಕ್ ಗರ್ಲ್’ನಲ್ಲಿ ಬರುವ ಮುಖವಾಡದ ಬಗ್ಗೆ ನಿಮಗೆ ಏನನ್ನಿಸಿತು ಅಂತ ಕೇಳಬೇಕು.